ರೆಟಿನಾ ಆಪರೇಷನ್ ಆದ ಮೇಲೂ ಕಣ್ಣಲ್ಲಿ ಗುಳ್ಳೆ, ಮಿಂಚು: ಆಪರೇಷನ್ ಫೇಲ್ ಆಯಿತೇ?

ರೆಟಿನಾ ಆಪರೇಷನ್ ಆಗಿ ಎರಡು ವಾರ ಕಳೆದರೂ ಕಣ್ಣು ಮಂಜಾಗಿದ್ದರೆ ಆಪರೇಷನ್ ಫೇಲ್ ಆಗಿದೆ, ನಂದಿಬಟ್ಟಲು ಹೂವಿನ ರಸವನ್ನೋ ಜೇನನ್ನೋ ಬಿಟ್ಟರೆ ಸರಿಹೋಗುತ್ತದೆ ಎಂದು ಹಲವರು ನಂಬುತ್ತಾರೆ. ಎರಡೂ ತಪ್ಪು. ಹೊಲಿಗೆ ಹಾಕಿದ ಕಣ್ಣಿಗೆ ಮನೆಮದ್ದು ಬಿಟ್ಟರೆ ಸೋಂಕು ತಗಲಿ, ಉಳಿದ ದೃಷ್ಟಿಯೂ ಹೋಗಬಹುದು.

ಕಣ್ಣೊಳಗೆ ಏನಾಗಿರುತ್ತದೆ?

ರೆಟಿನಾ ಎಂದರೆ ಕಣ್ಣಿನ ಹಿಂಭಾಗದ ತೆಳುವಾದ ಪದರ. ಬೆಳಕನ್ನು ಗುರುತಿಸುವುದು ಅದೇ. ಅದು ಕಳಚಿಕೊಂಡಾಗ ವೈದ್ಯರು ಮತ್ತೆ ಗೋಡೆಗೆ ಅಂಟಿಸಿ, ಒತ್ತಿ ಹಿಡಿಯಲು ಹೆಚ್ಚಾಗಿ ಗ್ಯಾಸ್ ಅಥವಾ ಸಿಲಿಕಾನ್ ಎಣ್ಣೆ ತುಂಬುತ್ತಾರೆ. ಗ್ಯಾಸ್ ತಾನಾಗಿಯೇ ಕರಗುತ್ತದೆ. ಒಂದು ಬಗೆಯ ಗ್ಯಾಸ್‌ಗೆ ಸುಮಾರು 2 ವಾರ, ಇನ್ನೊಂದಕ್ಕೆ 6ರಿಂದ 8 ವಾರ ಬೇಕು. ಎಣ್ಣೆಯನ್ನು ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯುತ್ತಾರೆ.

ಯಾವುದು ಸಹಜ?

ಗ್ಯಾಸ್ ಇರುವಷ್ಟು ದಿನ ಎಲ್ಲವೂ ಮಸುಕು. ಅದು ಕರಗುತ್ತಾ ಬಂದಂತೆ, ಅರ್ಧ ನೀರು ತುಂಬಿದ ಬಾಟಲಿಯಂತೆ ಕಣ್ಣ ಮುಂದೆ ಅಲುಗಾಡುವ ಗೆರೆ ಕಾಣಿಸುತ್ತದೆ. ಗೆರೆಯ ಮೇಲ್ಭಾಗ ಮೊದಲು ಸ್ಪಷ್ಟವಾಗುತ್ತದೆ. ಗೆರೆ ದಿನದಿನಕ್ಕೆ ಕೆಳಗಿಳಿದು, ಕೊನೆಗೆ ದುಂಡಗಿನ ಗುಳ್ಳೆಯಾಗಿ ಮಾಯವಾಗುತ್ತದೆ. ಕೆಲವು ವಾರ ಆಗಾಗ ಮಿಂಚು ಕಾಣಿಸಬಹುದು.

ರೆಟಿನಾದ ನಡುಭಾಗವಾದ ಮ್ಯಾಕುಲಾ ಕೂಡ ಕಳಚಿದ್ದರೆ ನೇರ ಗೆರೆಗಳು ಡೊಂಕಾಗಿ, ಅಕ್ಷರಗಳು ಸಣ್ಣದಾಗಿ ಕಾಣಬಹುದು. ಇದು ಸುಧಾರಿಸಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ, ಸ್ವಲ್ಪ ದೋಷ ಉಳಿಯಲೂಬಹುದು. ಕನ್ನಡಕದ ಪವರ್ ಬದಲಾಗಬಹುದು. 50 ದಾಟಿದವರಲ್ಲಿ ನಂತರ ಕಣ್ಣಿನ ಪೊರೆ ಬೇಗ ಬೆಳೆಯುವುದು ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ.

ಘಾಟಿ, ವಿಮಾನ ಏಕೆ ಬೇಡ?

ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸ್ ಹಿಗ್ಗುತ್ತದೆ. ಕಣ್ಣಿನ ಒತ್ತಡ ಏರಿ, ತೀವ್ರ ನೋವಿನೊಂದಿಗೆ ದೃಷ್ಟಿಯೇ ಹೋಗಬಹುದು. ಪಡುಬಿದ್ರಿಯಿಂದ ಉಡುಪಿ, ಮಣಿಪಾಲದ ಆಸ್ಪತ್ರೆಗೆ ಹೋಗಿಬರಲು ತೊಂದರೆಯಿಲ್ಲ, ದಾರಿಯಲ್ಲಿ ದೊಡ್ಡ ಏರು ಇಲ್ಲ. ಆದರೆ ಕಾರ್ಕಳ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿದರೆ ಸುಮಾರು 650 ಮೀಟರ್ ಎತ್ತರ. ಬೆಂಗಳೂರು ಇನ್ನೂ ಎತ್ತರದಲ್ಲಿದೆ. ರಜೆ ಮುಗಿಯಿತೆಂದು ಮುಂಬಯಿಗೋ ಗಲ್ಫ್‌ಗೋ ವಿಮಾನ ಹತ್ತುವವರಿಗೂ ಇದೇ ಅಪಾಯ. ಗ್ಯಾಸ್ ಪೂರ್ತಿ ಕರಗಿದೆ ಎಂದು ವೈದ್ಯರು ಹೇಳುವವರೆಗೆ ಕಾಯಿರಿ. ಈ ನಡುವೆ ಬೇರೆ ಆಪರೇಷನ್ ಬೇಕಾದರೆ ಅರಿವಳಿಕೆ ಕೊಡುವವರಿಗೂ ತಿಳಿಸಿ, ಏಕೆಂದರೆ ನೈಟ್ರಸ್ ಆಕ್ಸೈಡ್ ಕೂಡ ಗುಳ್ಳೆಯನ್ನು ಹಿಗ್ಗಿಸುತ್ತದೆ.

ಯಾವಾಗ ತಕ್ಷಣ ಆಸ್ಪತ್ರೆಗೆ?

• ಪಕ್ಕದಿಂದ, ಮೇಲಿನಿಂದ ಅಥವಾ ಕೆಳಗಿನಿಂದ ಪರದೆಯಂಥ ನೆರಳು ಬಂದರೆ. ಗ್ಯಾಸ್‌ನ ಗೆರೆ ತಲೆ ಆಡಿಸಿದಾಗ ತುಳುಕುತ್ತದೆ, ನೆರಳು ಹಾಗೆ ತುಳುಕುವುದಿಲ್ಲ.
• ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಅಥವಾ ಮಿಂಚು ಹೆಚ್ಚಾದರೆ.
• ಸುಧಾರಿಸಿದ್ದ ದೃಷ್ಟಿ ಮತ್ತೆ ಕುಸಿದರೆ.
• ಕಣ್ಣುನೋವು, ಕೆಂಪು, ಕೀವು ಅಥವಾ ವಾಂತಿಯೊಂದಿಗೆ ತಲೆನೋವು ಹೆಚ್ಚಾದರೆ.

ರೆಟಿನಾ ಮತ್ತೆ ಕಳಚುವುದುಂಟು. ಬೇಗ ತೋರಿಸಿದರೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು.

ನೆನಪಿಡಿ: ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದು ಹೆಚ್ಚಾಗಿ ಚೇತರಿಕೆಯ ಭಾಗ. ಹೊಸದಾಗಿ ಶುರುವಾದರೆ ಅಥವಾ ಹೆಚ್ಚಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಮನೆಮದ್ದಿನ ಫಾರ್ವರ್ಡ್ ಬದಲು ಇದನ್ನು ಕಳಿಸಿ.