ಟರ್ಬೋ ಮೋಟಾರುಗಳ ಬಲವೂ ಪಥ್ಯವೂ

ಜಪಾನು ದೇಶದ ಮೋಟಾರು ತಯಾರಕರ ನಡುವೆ 1989ನೆಯ ಇಸವಿಯಿಂದ 2004ರ ವರೆಗೆ ಒಂದು ವಿಚಿತ್ರವಾದ ಒಪ್ಪಂದವು ನಡೆದುಬಂದಿತು. ತಮ್ಮ ದೇಶದಲ್ಲಿ ಮಾರತಕ್ಕ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚಿನ ಬಲವುಂಟೆಂದು ಯಾರೂ ಪ್ರಕಟಿಸಕೂಡದೆಂಬುದೇ ಆ ಒಪ್ಪಂದ. ಇದು ಸರಕಾರದ ಶಾಸನವಲ್ಲ; ದೊಡ್ಡ ಮನುಷ್ಯರ ಬಾಯಿಮಾತು. ಆದರೆ ಮಾತು ಕೊಟ್ಟ ಮಾತ್ರಕ್ಕೆ ಪೈಪೋಟಿಯು ನಿಲ್ಲುವುದುಂಟೆ? ನಿಸ್ಸಾನ್ ಸಂಸ್ಥೆಯ ಸ್ಕೈಲೈನ್ ಜಿ.ಟಿ.ಆರ್., ಟೊಯೋಟಾದ ಸುಪ್ರಾ, ಮಿತ್ಸುಬಿಷಿಯ ಲ್ಯಾನ್ಸರ್ ಎವೊಲ್ಯೂಷನ್, ಸುಬಾರುವಿನ ಇಂಪ್ರೆಜಾ, ಇವೆಲ್ಲ ಕಾಗದದ ಮೇಲೆ ಆ ಗೆರೆಯನ್ನು ದಾಟದೆ, ಒಳಗಿನ ಎಂಜಿನನ್ನು ಮಾತ್ರ ಅದಕ್ಕಿಂತ ಬಹಳ ಗಟ್ಟಿಯಾಗಿ ಕಟ್ಟಿಸಿಕೊಂಡುವು. ಪಂದ್ಯಕ್ಕೆಂದೇ ಹುಟ್ಟಿದ ಆ ಜಿ.ಟಿ.ಆರ್. ಗಾಡಿಯು 1990ರಿಂದ 1993ರ ವರೆಗೆ ಜಪಾನಿನ ಟೂರಿಂಗ್ ಕಾರು ಪಂದ್ಯಾವಳಿಯ 29 ಪಂದ್ಯಗಳಲ್ಲಿ ಇಪ್ಪತ್ತೊಂಬತ್ತನ್ನೂ ಗೆದ್ದಿತು.

ಇದರಿಂದ ಲೋಕದಲ್ಲಿ ಒಂದು ನಂಬಿಕೆಯು ಬೇರೂರಿತು: ಈ ಗಾಡಿಗಳ ಹೊಟ್ಟೆಯಲ್ಲಿ ಗುಪ್ತನಿಧಿಯಿದೆ, ಬೀಗವನ್ನು ತೆಗೆದರೆ ಸಾಕು. ನಂಬಿಕೆಯು ಪೂರ್ಣವಾಗಿ ಸುಳ್ಳಲ್ಲ. ಆದರೆ ಇಂದು ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ಇಪ್ಪತ್ತು, ಮೂವತ್ತು ವರ್ಷ ವಯಸ್ಸಾಗಿದೆ. ನ್ಯೂಜಿಲೆಂಡು, ಆಸ್ಟ್ರೇಲಿಯ, ಇಂಗ್ಲೆಂಡುಗಳಿಗೆ ಇವುಗಳಲ್ಲಿ ಬಹಳಷ್ಟು ಬಳಸಿದ ಗಾಡಿಗಳಾಗಿ ಬಂದುವು. ಅಮೆರಿಕದಲ್ಲಿ ಇಪ್ಪತ್ತೈದು ವರ್ಷ ತುಂಬಿದ ಮೇಲೆ ತರಿಸಿಕೊಳ್ಳಲು ಅನುಮತಿಯುಂಟು. ಆ ದೇಶಗಳಲ್ಲಿ ನೆಲಸಿರುವ ನಮ್ಮ ಮನೆಗಳ ಹುಡುಗರೂ ಇವುಗಳ ಮೇಲೆ ಕಣ್ಣಿಟ್ಟಿರುವರು. ಎರಡು ವರ್ಷದ ಉಳಿತಾಯವನ್ನು ಒಂದು ಸಂಜೆಯಲ್ಲಿ ಸುಟ್ಟುಕೊಂಡವರನ್ನು ನಾವು ಬಲ್ಲೆವು. ಆದಕಾರಣ ಈ ವಿಷಯವು ತಂದೆತಾಯಿಗಳಿಗೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದವರಿಗೆ ಮೋಟಾರಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ಆಕ್ಲೆಂಡಿನಲ್ಲಿರುವ ನಮ್ಮ ಮಗನ ಮನೆಯಲ್ಲಿ ಎರಡು ಬಾರಿ ಹಲವು ತಿಂಗಳು ಕಳೆದೆವು. ಅಲ್ಲಿ ಮಾತನಾಡುವವರಿಲ್ಲದೆ, ಹಳೆಯ ಶಿಷ್ಯನೊಬ್ಬನು ಕೆಲಸಮಾಡುವ ರಿಪೇರಿ ಷೆಡ್ಡಿನಲ್ಲಿ ಮಧ್ಯಾಹ್ನಗಳನ್ನು ಕಳೆಯುವ ಅಭ್ಯಾಸವಾಯಿತು. ಕೆಳಗಿನದೆಲ್ಲ ಅಲ್ಲಿ ನೋಡಿದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು.

ಮೊದಲು ಟರ್ಬೋ ಎಂಬುದೇನೆಂದು ಹೇಳಬೇಕು. ಎಂಜಿನಿನೊಳಗೆ ಪೆಟ್ರೋಲು ಉರಿದ ಮೇಲೆ ಹೊರಕ್ಕೆ ಹೋಗುವ ಬಿಸಿಹೊಗೆಯಲ್ಲಿ ಇನ್ನೂ ಬಹಳ ಶಕ್ತಿಯು ಉಳಿದಿರುವುದು. ಆ ಹೊಗೆಯ ದಾರಿಯಲ್ಲಿ ಒಂದು ಸಣ್ಣ ರೆಕ್ಕೆಚಕ್ರವನ್ನಿಟ್ಟು, ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರವನ್ನು ಸೇರಿಸಿರುವರು. ಹೊಗೆಯು ಮೊದಲನೆಯದನ್ನು ತಿರುಗಿಸಿದರೆ ಎರಡನೆಯದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರುಗಳಿಗೆ ತುಂಬುವುದು. ಕಮ್ಮಾರನ ಕುಲುಮೆಗೆ ತಿದಿಯಿದ್ದಂತೆ. ಈ ತಿದಿಯನ್ನು ಒತ್ತುವುದು ಮಾತ್ರ ಕುಲುಮೆಯ ಹೊಗೆಯೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿಯೇ ಈ ಯುಕ್ತಿಗೆ ಪೇಟೆಂಟು ಪಡೆದನು. ಗಾಳಿಯು ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚಾಗಿ ಉರಿಸಬಹುದು. ಸಣ್ಣ ಎಂಜಿನು ದೊಡ್ಡದರ ಕೆಲಸವನ್ನು ಮಾಡುವುದು. ಹೀಗೆ ಒತ್ತಿದ ಗಾಳಿಯ ಒತ್ತಡಕ್ಕೆ ಬೂಸ್ಟ್ ಎಂದು ಹೆಸರು.

ಈಗ ಆ ದಂಡದ ಅವಸ್ಥೆಯನ್ನು ಯೋಚಿಸಿರಿ. ಒಂದು ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗುವುದು. ಒಂದು ಕಡೆಯಲ್ಲಿ ಸುಮಾರು 900 ಡಿಗ್ರಿ ಶಾಖದ ಹೊಗೆ, ಇನ್ನೊಂದು ಕಡೆಯಲ್ಲಿ ಹೊರಗಿನ ಗಾಳಿ. ಇವೆರಡರ ನಡುವೆ ಅದನ್ನು ಕಾಪಾಡುವುದು ಎಣ್ಣೆಯ ತೆಳ್ಳನೆಯ ಪೊರೆ. ಟರ್ಬೋ ಗಾಡಿಯ ಆಯುಸ್ಸೆಲ್ಲ ಈ ಪೊರೆಯಲ್ಲಿದೆ. ಒಳ್ಳೆಯ ಸಿಂಥೆಟಿಕ್ ಎಣ್ಣೆಯನ್ನೇ ಹಾಕಿ, ಸುಮಾರು 5,000 ಕಿಲೋಮೀಟರಿಗೊಮ್ಮೆ ಶೋಧಕದೊಡನೆ ಬದಲಾಯಿಸತಕ್ಕದ್ದು. ವಾರಕ್ಕೊಮ್ಮೆ ಕಡ್ಡಿಯನ್ನೆಳೆದು ಮಟ್ಟವನ್ನು ನೋಡತಕ್ಕದ್ದು. ದೀಪವು ಹತ್ತಲಿ, ಆಮೇಲೆ ನೋಡೋಣವೆನ್ನುವವನಿಗೆ ದೀಪವು ಹತ್ತುವ ವೇಳೆಗೆ ನೋಡಲು ಏನೂ ಉಳಿದಿರುವುದಿಲ್ಲ.

ಬೆಳಗ್ಗೆ ಎಂಜಿನು ತಣ್ಣಗಿರುವಾಗ ಎಣ್ಣೆಯು ಮಂದವಾಗಿರುವುದು. ನೀರಿನ ಮುಳ್ಳು ಮಧ್ಯಕ್ಕೆ ಬಂದಿತೆಂದು ಎಣ್ಣೆಯೂ ಕಾದಿತೆಂದು ತಿಳಿಯಬಾರದು. ಅದು ನೀರಿಗಿಂತ ನಿಧಾನವಾಗಿ ಕಾಯುವುದು. ಮೊದಲ ಹತ್ತು ಹದಿನೈದು ನಿಮಿಷ ಮೃದುವಾಗಿಯೇ ನಡೆಸಬೇಕು. ಹಾಗೆಯೇ ವೇಗವಾಗಿ ಓಡಿಸಿ ಬಂದೊಡನೆ ಬೀಗದ ಕೈಯನ್ನು ತಿರುಗಿಸಿ ಇಳಿದುಹೋಗಬಾರದು. ಎಂಜಿನು ನಿಂತರೆ ಎಣ್ಣೆಯ ಹರಿವೂ ನಿಲ್ಲುವುದು. ಕೆಂಪಗೆ ಕಾದ ಟರ್ಬೋದೊಳಗೆ ನಿಂತ ಎಣ್ಣೆಯು ಒಗ್ಗರಣೆಯ ಸೌಟಿನಲ್ಲಿ ಸೀದಂತೆ ಕರಿಗಟ್ಟುವುದು. ಕೊನೆಯ ಎರಡು ಮೂರು ಕಿಲೋಮೀಟರುಗಳನ್ನು ನಿಧಾನವಾಗಿ ಬಂದು, ಒಂದೆರಡು ನಿಮಿಷ ಎಂಜಿನನ್ನು ಸುಮ್ಮನೆ ತಿರುಗಬಿಟ್ಟರೆ ಸಾಕು. ಇಲ್ಲಿ ಕರ್ನಾಟಕದಲ್ಲಿ ಮಾರುವ ಸಣ್ಣ ಪೆಟ್ರೋಲು ಕಾರುಗಳಲ್ಲಿಯೂ ಈಚೆಗೆ ಟರ್ಬೋ ಬಂದಿರುವುದರಿಂದ, ಎಣ್ಣೆಯ ಈ ಮಾತು ನಮ್ಮೂರಿನ ಗೃಹಸ್ಥರಿಗೂ ಸಲ್ಲುವುದು.

ಇನ್ನು ಬಲವನ್ನು ಹೆಚ್ಚಿಸುವ ಮಾತು. ಟರ್ಬೋ ಗಾಡಿಯ ದೊಡ್ಡ ಅಪಾಯವೆಂದರೆ ಅದರ ಬಲವನ್ನು ಹೆಚ್ಚಿಸುವುದು ಅತಿ ಸುಲಭ. ಒತ್ತಡವು ಮಿತಿಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಎಂಬ ಕಿಂಡಿಯೊಂದುಂಟು. ಅದಕ್ಕೆ ಹೋಗುವ ರಬ್ಬರು ಕೊಳವೆಯ ನಡುವೆ ಒಂದು ಅಗ್ಗದ ತಿರುಪನ್ನು ಸೇರಿಸಿದರೆ ಬೂಸ್ಟ್ ಏರಿತು! ಕಾಲು ಗಂಟೆಯ ಕೆಲಸ. ಆದರೆ ಗಾಳಿಯನ್ನು ಒತ್ತಿದಷ್ಟೂ ಅದು ಬಿಸಿಯಾಗುವುದೆಂಬುದನ್ನು ಸೈಕಲ್ ಪಂಪನ್ನು ಮುಟ್ಟಿ ನೋಡಿದವರೆಲ್ಲ ಬಲ್ಲರು. ಆ ಬಿಸಿಗಾಳಿಗೆ ತಕ್ಕಷ್ಟು ಪೆಟ್ರೋಲು ಬರದಿದ್ದರೆ, ಅಥವಾ ಕಿಡಿಯು ಸ್ವಲ್ಪ ಮುಂಚೆಯೇ ಹಾರಿದರೆ, ಸಿಲಿಂಡರಿನ ಮೂಲೆಯಲ್ಲಿರುವ ಮಿಶ್ರಣವು ಜ್ವಾಲೆಯು ತಲಪುವ ಮೊದಲೇ ತಾನಾಗಿ ಸಿಡಿಯುವುದು. ಇದನ್ನೇ ನಾಕಿಂಗ್ ಎನ್ನುವರು. ಸಮವಾಗಿ ಉರಿಯಬೇಕಾದುದು ಸುತ್ತಿಗೆಯ ಪೆಟ್ಟಾಗಿ ಪಿಸ್ಟನ್ನಿನ ಮೇಲೆ ಬೀಳುವುದು.

ಆ ಷೆಡ್ಡಿಗೆ ಬರುತ್ತಿದ್ದ ಕನ್ನಡದ ಹುಡುಗನೊಬ್ಬನು ಎರಡೂವರೆ ಲೀಟರಿನ ಇಂಪ್ರೆಜಾ ಗಾಡಿಯನ್ನು ಕೊಂಡಿದ್ದನು. ಬೇರೆ ಯಾವನೋ ಅಂಗಡಿಯವನು ಅದಕ್ಕೆ ಮೇಲೆ ಹೇಳಿದ ತಿರುಪನ್ನು ಹಾಕಿಕೊಟ್ಟನು. ಪೆಟ್ರೋಲಿನ ಲೆಕ್ಕವನ್ನು ಮುಟ್ಟಲೇ ಇಲ್ಲ. ಮೂರನೆಯ ವಾರದಲ್ಲಿ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದಿತು. ಎಂಜಿನನ್ನು ಬಿಚ್ಚಿದಾಗ ಒಂದು ಪಿಸ್ಟನ್ನಿನಲ್ಲಿ ಉಂಗುರಗಳ ನಡುವಣ ದಂಡೆಯು ಒಡೆದು ತುಂಡಾಗಿದ್ದಿತು. ಆ ಎಂಜಿನಿನಲ್ಲಿ ಇದು ಪ್ರಸಿದ್ಧವಾದ ದೌರ್ಬಲ್ಯ. ಹುಡುಗನು ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು, “ಮೇಷ್ಟ್ರೇ, ಇಷ್ಟೇ ಇಷ್ಟು ಚೂರಿಗೆ ಇಡೀ ಎಂಜಿನೇ ಹೋಯಿತಲ್ಲ” ಎಂದನು. ಉತ್ತರವನ್ನು ನಮ್ಮ ಶಿಷ್ಯನೇ ಕೊಟ್ಟನು: “ಚೂರು ಮುರಿದದ್ದು ಈಗ ಕಣಪ್ಪ, ಎಂಜಿನು ಹೋದದ್ದು ತಿರುಪು ಹಾಕಿದ ದಿನವೇ.”

ಹಾಗಾದರೆ ಸರಿಯಾದ ಕ್ರಮವಾವುದು? ಜ್ವರವಿರುವವನಿಗೆ ವೈದ್ಯನು ರಸಾಯನವನ್ನು ಕೊಡುವುದಿಲ್ಲ. ಮೊದಲು ಕಂಪ್ರೆಶನ್ ಪರೀಕ್ಷೆಯನ್ನು ಮಾಡಿಸಿ, ಸಿಲಿಂಡರುಗಳ ಅಂಕಿಗಳು ಒಂದಕ್ಕೊಂದು ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಿಲ್ಲವೆಂದು ತಿಳಿದುಕೊಳ್ಳಬೇಕು. ಮೂವತ್ತು ವರ್ಷದ ರಬ್ಬರು ಕೊಳವೆಗಳು ಒಣಗಿ ಬಿರಿದಿರುವುವು. ವೇಸ್ಟ್‌ಗೇಟಿನ ಕೊಳವೆಯೊಂದು ಜಾರಿದರೂ ಬೂಸ್ಟ್ ಲಂಗುಲಗಾಮಿಲ್ಲದೆ ಏರುವುದು. ಎಲ್ಲವನ್ನೂ ಒಂದೇ ಸಲ ಬದಲಾಯಿಸುವುದೇ ಲೇಸು, ಖರ್ಚೂ ಅಲ್ಪ. ಟೈಮಿಂಗ್ ಬೆಲ್ಟನ್ನು ಒಂದು ಲಕ್ಷ ಕಿಲೋಮೀಟರಿನೊಳಗೆ ಬದಲಿಸತಕ್ಕದ್ದು. ಹಿಂದಿನ ಮಾಲೀಕನು ಬದಲಿಸಿದುದಕ್ಕೆ ರಸೀತಿಯಿಲ್ಲದಿದ್ದರೆ, ಬದಲಿಸಿಲ್ಲವೆಂದೇ ಭಾವಿಸತಕ್ಕದ್ದು. ಹಳೆಯ ಲ್ಯಾನ್ಸರಿನ 4ಜಿ63 ಎಂಜಿನಿನಲ್ಲಿ ಇದರ ಜೊತೆಗೆ ಇನ್ನೊಂದು ಚಿಕ್ಕ ಬೆಲ್ಟಿರುವುದು. ಅದು ಹರಿದರೆ ದೊಡ್ಡದಕ್ಕೆ ಸಿಕ್ಕಿಕೊಂಡು ಕವಾಟಗಳನ್ನೆಲ್ಲ ಬಗ್ಗಿಸಿಬಿಡುವುದುಂಟು. ಈಚಿನ ಇಂಪ್ರೆಜಾಗಳಲ್ಲಿ ಟರ್ಬೋಕ್ಕೆ ಎಣ್ಣೆಯೊಯ್ಯುವ ಬೋಲ್ಟಿನೊಳಗೆ ಸಣ್ಣ ಜಾಲರಿಯೊಂದು ಅಡಗಿದೆ. ಅದು ಕಟ್ಟಿಕೊಂಡರೆ ಟರ್ಬೋ ಎಣ್ಣೆಯಿಲ್ಲದೆ ಸಾಯುವುದು. ಇಂಥವನ್ನು ಕೇಳಿ ನೋಡಿಸಬೇಕು.

ಆಮೇಲೆ ಬ್ರೇಕು, ಟೈರು. ನಿಲ್ಲಲಾರದ ಗಾಡಿಗೆ ಓಟವನ್ನು ಕಲಿಸುವುದು ಕೊಲೆಗೆ ಸಮಾನ. ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಅನಂತರ ಬೂಸ್ಟ್, ಎಣ್ಣೆಯ ಒತ್ತಡ, ಎಣ್ಣೆಯ ಶಾಖ ಮತ್ತು ಗಾಳಿ-ಪೆಟ್ರೋಲುಗಳ ಪ್ರಮಾಣ ಇವನ್ನು ತೋರಿಸುವ ಮಾಪಕಗಳನ್ನು ಹಾಕಿಸಬೇಕು. ಸಾಧಾರಣವಾಗಿ ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಬೇಕು. ಪೂರ್ಣ ಬೂಸ್ಟಿನಲ್ಲಿ ಒಳಗನ್ನು ತಂಪಾಗಿಡುವುದಕ್ಕಾಗಿ ಅದನ್ನು 11 ಅಥವಾ 12ಕ್ಕೆ ಇಳಿಸುವರು. ಇದಾದ ಮೇಲೆ ಪೆಟ್ರೋಲು ಪಂಪು, ಇಂಜೆಕ್ಟರುಗಳು, ಇಂಟರ್‌ಕೂಲರು. ತರುವಾಯ ಬಲ್ಲವನೊಬ್ಬನು ಡೈನೋ ಎಂಬ ಉರುಳೆಯ ಮೇಲೆ ಗಾಡಿಯನ್ನು ಓಡಿಸುತ್ತ ಅದರ ಕಂಪ್ಯೂಟರಿನ ಲೆಕ್ಕವನ್ನು ತಿದ್ದಬೇಕು. ಬೂಸ್ಟನ್ನು ಏರಿಸುವುದು ಕಟ್ಟಕಡೆಯ ಕೆಲಸ. ಆಗಲೂ ಜಿ.ಟಿ.ಆರ್. ಗಾಡಿಯ ಸ್ಪಾರ್ಕ್ ಪ್ಲಗ್ಗಿನ 1.1 ಮಿಲಿಮೀಟರಿನ ಸಂದನ್ನು 0.8ಕ್ಕೆ ಇಳಿಸುವ ರೂಢಿಯುಂಟು. ಇಡಿಕಿರಿದ ಗಾಳಿಯಲ್ಲಿ ಕಿಡಿಗೆ ದೂರ ಹಾರುವುದು ಕಷ್ಟ.

ಹುಡುಗರು ಈ ಕ್ರಮವನ್ನು ತಲೆಕೆಳಗು ಮಾಡಿ ಸದ್ದಿನಿಂದ ಪ್ರಾರಂಭಿಸುವರು. ಗೇರು ಬದಲಿಸುವಾಗ “ಪುಸ್ಸ್” ಎಂದು ಗಾಳಿಯನ್ನು ಹೊರಕ್ಕೆ ಬಿಡುವ ಕವಾಟದ ಮೇಲೆ ಅವರಿಗೆ ಬಹಳ ಮೋಹ. ಜಿ.ಟಿ.ಆರ್., ಲ್ಯಾನ್ಸರ್, ಇಂಪ್ರೆಜಾಗಳಲ್ಲಿ ಒಳಕ್ಕೆ ಬಂದ ಗಾಳಿಯನ್ನು ಅಳೆದು ಅದಕ್ಕೆ ತಕ್ಕ ಪೆಟ್ರೋಲನ್ನು ಕೊಡುವ ಏರ್ಪಾಡಿದೆ. ಅಳೆದ ಗಾಳಿಯನ್ನು ಬೀದಿಗೆ ಬಿಟ್ಟರೆ ಪೆಟ್ರೋಲು ಹೆಚ್ಚಾಗಿ ಎಂಜಿನು ಮುಗ್ಗರಿಸುವುದು. ತಯಾರಕರು ಆ ಗಾಳಿಯನ್ನು ಸದ್ದಿಲ್ಲದೆ ಒಳಕ್ಕೇ ಹಿಂದಿರುಗಿಸಿರುವುದು ಸುಮ್ಮನಲ್ಲ.

ಗಟ್ಟಿ ಎಂಜಿನು ಎಂದರೆ ಎಲ್ಲವೂ ಗಟ್ಟಿ ಎಂದಲ್ಲ. ಜಿ.ಟಿ.ಆರ್. ಗಾಡಿಯ ಸಿಲಿಂಡರು ದಿಮ್ಮಿಯು ಎರಕದ ಕಬ್ಬಿಣ. ಆದರೆ ಸಾಧಾರಣ ಮಾದರಿಗಳ ಟರ್ಬೋದಲ್ಲಿ ಹೊಗೆಯ ಕಡೆಯ ಚಕ್ರವು ಪಿಂಗಾಣಿಯ ಜಾತಿಯದು. ಹಗುರವಾದುದರಿಂದ ಬೇಗ ತಿರುಗುವುದು ನಿಜ. ಸುಮಾರು ಒಂದು ಬಾರ್ ಒತ್ತಡವನ್ನು ಮೀರಿಸಿದರೆ ದಂಡದಿಂದ ಕಿತ್ತುಬಂದು ಚೂರಾಗುವುದೂ ಅಷ್ಟೇ ನಿಜ. ಬೂಸ್ಟ್ ಏರಿಸಬೇಕೆನ್ನುವವರು ಮೊದಲು ಉಕ್ಕಿನ ಚಕ್ರದ ಟರ್ಬೋವನ್ನು ಹಾಕಿಸಬೇಕು. ಮಾಜ್ದಾದ ಆರ್.ಎಕ್ಸ್.-7 ಗಾಡಿಯ ಮಾತು ಬೇರೆ. ಅದರಲ್ಲಿ ಪಿಸ್ಟನ್ನುಗಳೇ ಇಲ್ಲ. ಮುಮ್ಮೂಲೆಯ ತಿರುಗುಣಿಯೊಂದು ಸುತ್ತುವುದು. ಅದರ ತುದಿಯ ಪಟ್ಟಿಗಳು ನಾಕಿಂಗಿನ ಒಂದೆರಡು ಪೆಟ್ಟಿಗೇ ಮುರಿಯಬಲ್ಲವು. ಎಣ್ಣೆಯನ್ನು ಸ್ವಲ್ಪ ಕುಡಿಯುವುದು ಅದರ ಹುಟ್ಟುಗುಣ, ರೋಗವಲ್ಲ. ಮೊದಲ ಗಾಡಿಯಾಗಿ ಇದನ್ನು ಕೊಳ್ಳಬೇಡಿರೆಂದೇ ನಮ್ಮ ಸಲಹೆ.

ಪೆಟ್ರೋಲಿನ ಜಾತಿಯೂ ಮುಖ್ಯ. ಜಪಾನಿನ ಮೇಲ್ತರಗತಿಯ ಪೆಟ್ರೋಲು ಸುಮಾರು 100 ಆಕ್ಟೇನಿನದು. ಈ ಗಾಡಿಗಳ ಲೆಕ್ಕವನ್ನು ಅದಕ್ಕೇ ಹೊಂದಿಸಿರುವರು. ಪರದೇಶದಲ್ಲಿ 91ರದನ್ನು ತುಂಬಿಸಿ ಹಣ ಉಳಿಸಿದೆನೆನ್ನುವವನು ನಾಕಿಂಗನ್ನು ಮನೆಗೆ ಕರೆದಂತೆ. 98 ಸಿಗುವಲ್ಲಿ ಅದನ್ನೇ ಹಾಕಬೇಕು.

ಕಡೆಯದಾಗಿ ಕಾನೂನು. ನಮ್ಮ ದೇಶದ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕನು ಮೂಲತಃ ನಿರ್ದಿಷ್ಟಪಡಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ನ್ಯೂಜಿಲೆಂಡಿನಲ್ಲಿ ದೊಡ್ಡ ಮಾರ್ಪಾಡುಗಳನ್ನು ಅಧಿಕೃತ ಪರೀಕ್ಷಕನು ನೋಡಿ ಒಪ್ಪಬೇಕು. ಒಪ್ಪಿದರೆ ಮಾರ್ಪಾಡುಗಳ ವಿವರವುಳ್ಳ ಒಂದು ಲೋಹದ ಫಲಕವನ್ನು ಗಾಡಿಗೆ ಜಡಿಯುವರು. ಮಾರ್ಪಡಿಸಿದ ಗಾಡಿಯನ್ನು ಕೊಳ್ಳುವವನು ಬಣ್ಣವನ್ನು ನೋಡುವ ಮೊದಲು ಬಾನೆಟ್ಟನ್ನೆತ್ತಿ ಆ ಫಲಕವನ್ನು ಹುಡುಕಲಿ. ಅದರಲ್ಲಿ ಬರೆದುದಕ್ಕೂ ಎದುರಿಗಿರುವ ಎಂಜಿನಿಗೂ ತಾಳೆ ನೋಡಲಿ. ಮಾಡಿಸಿದ ಒಂದೊಂದು ಬದಲಾವಣೆಯನ್ನೂ ವಿಮಾ ಕಂಪೆನಿಗೆ ಬರೆದು ತಿಳಿಸಿ, ಅವರ ಉತ್ತರವನ್ನು ಗಾಡಿಯ ಕಾಗದಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಲಿ.