ಕುಂಬಾರಿಕೆಯಲ್ಲಿ ಸೋಡಿಯಂ ಸಿಲಿಕೇಟಿನ ಉಪಯೋಗ

ಮಣ್ಣಿಗೆ ನೀರು ಬೆರೆಸಿದಷ್ಟೂ ಅದು ತೆಳುವಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ನೀರನ್ನು ಹೆಚ್ಚಿಸದೆಯೇ ಮಣ್ಣಿನ ಗಟ್ಟಿ ಬಗ್ಗಡವನ್ನು ಕೆನೆಹಾಲಿನಂತೆ ಹರಿಯಿಸಬಹುದೆಂಬುದು ಮಾತ್ರ ಅಷ್ಟಾಗಿ ತಿಳಿದ ವಿಷಯವಲ್ಲ. ಈ ಕಾರ್ಯವನ್ನು ಸಾಧಿಸಿಕೊಡುವ ದ್ರವ್ಯಗಳಲ್ಲಿ ಸೋಡಿಯಂ ಸಿಲಿಕೇಟ್ ಪ್ರಮುಖವಾದುದು. ಮರಳನ್ನು ಸೋಡದೊಡನೆ ಉಗ್ರ ತಾಪದಲ್ಲಿ ಕರಗಿಸಿ, ಅದರಿಂದಾದ ಗಾಜನ್ನು ನೀರಿನಲ್ಲಿ ವಿಲೀನಗೊಳಿಸಿದರೆ ಜೇನಿನಂತಹ ಈ ದ್ರವ ದೊರೆಯುತ್ತದೆ. ಆದಕಾರಣ ಇದನ್ನು ಜಲಗಾಜು ಎನ್ನಬಹುದು.

ತಿಗರಿಯ ಮೇಲೆ ಗಡಿಗೆಯನ್ನೆತ್ತುವವನಿಗೆ ಇದರ ಅವಶ್ಯಕತೆಯಿಲ್ಲ. ಚಹದ ಪಾತ್ರೆ, ಹೂದಾನಿ, ಗೊಂಬೆ ಮೊದಲಾದವನ್ನು ಅಚ್ಚಿನಲ್ಲಿ ಎರಕ ಹೊಯ್ಯುವಾಗ ಇದು ಬೇಕಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಅಚ್ಚು ಬಗ್ಗಡದ ನೀರನ್ನು ಹೀರಿಕೊಳ್ಳುತ್ತದೆ. ಅದರ ಒಳಮೈಗೆ ಮಣ್ಣಿನ ಪದರ ಕಟ್ಟುತ್ತದೆ. ಉಳಿದ ಬಗ್ಗಡವನ್ನು ಸುರಿದುಬಿಟ್ಟರೆ ಟೊಳ್ಳಾದ ಪಾತ್ರೆ ನಿಲ್ಲುತ್ತದೆ. ನೀರು ಅತಿಯಾದರೆ ಅಚ್ಚು ಬೇಗನೆ ನೆನೆದು ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಪಾತ್ರೆಯೂ ಒಣಗುವಾಗ ಹೆಚ್ಚಾಗಿ ಕುಗ್ಗಿ ಬಿರಿಯುತ್ತದೆ. 100 ತೂಕ ಒಣಮಣ್ಣಿಗೆ 0.2ರಿಂದ 0.5 ತೂಕ ಜಲಗಾಜು ಸೇರಿದರೆ, ಸಾಮಾನ್ಯವಾಗಿ 40ರಿಂದ 50 ತೂಕ ನೀರಿನಲ್ಲಿಯೇ ಬಗ್ಗಡ ಹರಿಯುವುದು.

ಇದಕ್ಕೆ ಕಾರಣವೇನು? ಜೇಡಿಯ ಕಣಗಳು ಋಣವಿದ್ಯುತ್ತನ್ನು ಹೊತ್ತಿರುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ನಡುವೆ ಸೇರಿ ಅವನ್ನು ಗುಂಪುಗೂಡಿಸುತ್ತವೆ. ಆ ಗುಂಪುಗಳಲ್ಲಿ ನೀರು ಸೆರೆಯಾಗುತ್ತದೆ. ಸಿಲಿಕೇಟು ಕ್ಯಾಲ್ಸಿಯಂ ಅನ್ನು ಕರಗದ ರೂಪಕ್ಕೆ ತಳ್ಳುತ್ತದೆ. ಅದರ ಸ್ಥಾನಕ್ಕೆ ಸೋಡಿಯಂ ಬರುತ್ತದೆ. ಆಗ ಕಣಗಳು ಪರಸ್ಪರ ದೂಡಿಕೊಂಡು ಬೇರ್ಪಡುತ್ತವೆ, ಸೆರೆಯ ನೀರು ಬಿಡುಗಡೆ ಹೊಂದುತ್ತದೆ.

ಇಲ್ಲಿಯೇ ಊರಿನ ಪ್ರಶ್ನೆ ಹುಟ್ಟುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯಿದೆ. ಅಂತಹ ಕಡೆಯಲ್ಲಾಗಲಿ, ಗ್ರಂಥದಿಂದಾಗಲಿ ಕಲಿತ ಪ್ರಮಾಣವನ್ನು ಪುಣೆಯ ಕೊಂಢವಾದಲ್ಲಿ ನೆಲೆಸಿದ ನಮ್ಮವರು ಹಾಗೆಯೇ ಅನುಸರಿಸಿದರೆ ನಷ್ಟಕ್ಕೆ ಗುರಿಯಾಗಬಹುದು. ಊರು ಬಿಟ್ಟು ಬಂದವರು ವಿದ್ಯೆಯನ್ನು ತರಬಲ್ಲರು, ಊರಿನ ನೀರನ್ನು ತರಲಾರರಷ್ಟೆ. ಕೊಂಢವಾದ ಗುಡ್ಡಗಳು ದಖ್ಖಣದ ಕರಿಕಲ್ಲಿನವು. ಇಂತಹ ನೆಲದ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಮಾನ್ಯ. ಕೊಳವೆಬಾವಿಯ ಗಡುಸು ನೀರೇ ಜಲಗಾಜಿನ ಒಂದಂಶವನ್ನು ನುಂಗಿಬಿಡುತ್ತದೆ. ಇನ್ನು ಇಲ್ಲಿನ ಕಪ್ಪು ಎರೆಮಣ್ಣಂತೂ ನೀರು ಕುಡಿದು ಉಬ್ಬುವ ಜಾತಿಯದು. ಅದು ಎರಕಕ್ಕೆ ಸುಲಭವಾಗಿ ಒದಗದು. ಬಗ್ಗಡ ಹರಿಯಲಿಲ್ಲವೆಂದು ಜಲಗಾಜನ್ನು ಮತ್ತಷ್ಟು ಸುರಿದರೆ, ಮಿತಿಮೀರಿದೊಡನೆ ಅದು ಮರಳಿ ಮಂದವಾಗುತ್ತದೆ. ಅಷ್ಟೇ ಅಲ್ಲ, ಪ್ಲಾಸ್ಟರಿನ ಸೂಕ್ಷ್ಮ ರಂಧ್ರಗಳು ಮುಚ್ಚಿ ಅಚ್ಚೇ ಕೆಡುತ್ತದೆ. ಸಣ್ಣ ಕುಶಲಕರ್ಮಿಗೆ ಅಚ್ಚುಗಳೇ ಬಂಡವಾಳವೆಂಬುದನ್ನು ಮರೆಯಲಾಗದು.

ಆದುದರಿಂದ ಪರೀಕ್ಷೆಯೇ ಪ್ರಮಾಣ. 100 ತೂಕ ಒಣಮಣ್ಣಿನ ಲೆಕ್ಕದಲ್ಲಿ ಒಂದೇ ಹದದ ಬಗ್ಗಡವನ್ನು ಐದು ಪಾತ್ರೆಗಳಲ್ಲಿಟ್ಟು, ಕ್ರಮವಾಗಿ 0.1, 0.2, 0.3, 0.4, 0.5 ತೂಕ ಜಲಗಾಜನ್ನು ಸಮಾನ ಅಳತೆಯ ನೀರಿನಲ್ಲಿ ತೆಳುಮಾಡಿ ಬೆರೆಸಬೇಕು. ಇದು ಕ್ಷಾರದ್ರವ್ಯವಾದುದರಿಂದ ಕಣ್ಣಿಗೆ ತಾಗದಂತೆ ಎಚ್ಚರವಿರಬೇಕು. ತಳದಲ್ಲಿ ರಂಧ್ರವಿರುವ ಡಬ್ಬಿಯಿಂದ ಪ್ರತಿಯೊಂದೂ ಸುರಿದು ಮುಗಿಯುವ ಕಾಲವನ್ನು ಗುರುತಿಸಿಕೊಳ್ಳಬೇಕು. ಅತ್ಯಲ್ಪ ಕಾಲ ಹಿಡಿದ ಪ್ರಮಾಣಕ್ಕಿಂತ ತುಸು ಕಡಿಮೆಯಾದುದೇ ಎರಕಕ್ಕೆ ಯೋಗ್ಯ. ಒಂದು ರಾತ್ರಿ ಇಟ್ಟು ನೋಡಿ, ಹರಿವು ಕೆಡದಿದ್ದರೆ ಮಾತ್ರ ಅಚ್ಚಿಗೆ ಹೊಯ್ಯುವುದು ಕ್ಷೇಮ. ಹೊಸ ಮಣ್ಣು ಬಂದಾಗಲೂ, ನೀರು ಬದಲಾದಾಗಲೂ ಈ ಪರೀಕ್ಷೆಯನ್ನು ಮೊದಲಿನಿಂದ ನಡೆಸತಕ್ಕದ್ದು.