ಕಡಲಾಚೆಯ ಮಕ್ಕಳು, ಮನೆಯ ಮಾತು

ವಿದ್ಯಾರ್ಜನೆಗೆಂದು ಮಕ್ಕಳು ಪರದೇಶಕ್ಕೆ ತೆರಳುವುದು ಇಂದು ನಮ್ಮ ಹಳ್ಳಿಯ ಮನೆತನಗಳಿಗೂ ಹೊಸದಲ್ಲ. ಬ್ಯಾಂಕಿನ ಸಾಲ, ತಾಯಿಯ ಒಡವೆ, ತಂದೆಯ ಹೊಲ ಇವುಗಳ ಆಧಾರದಿಂದ ಮಗನೋ ಮಗಳೋ ವಿಮಾನವೇರುತ್ತಾರೆ. ಅಂದಿನಿಂದ ಹೆತ್ತವರ ಚಿತ್ತವೆಲ್ಲ ಮೊಬೈಲಿನ ಮೇಲೆಯೇ. ದಿನವೂ ಮುಖ ನೋಡಿ ಮಾತನಾಡುವ ಅನುಕೂಲವಿರುವಾಗ ಅಗಲಿಕೆಯೇ ಇಲ್ಲವೆಂದು ಭಾವಿಸುವುದು ಸಹಜ. ಆದರೆ ಮುಖ ಕಾಣುವುದು ಬೇರೆ, ಮನಸ್ಸು ಕಾಣುವುದು ಬೇರೆ. “ಊಟವಾಯಿತೇ? ಪರೀಕ್ಷೆ ಎಂದು?” ಎಂಬ ಪ್ರಶ್ನೆಗೆ “ಎಲ್ಲ ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಗಾಂಧೀಜಿಯವರು 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಲಂಡನ್ನಿಗೆ ಹಡಗೇರಿದಾಗ ಅವರಿಗಿನ್ನೂ 19 ತುಂಬಿರಲಿಲ್ಲ. ಮೊದಮೊದಲು ರಾತ್ರಿಯ ವೇಳೆ ತಾಯಿಯನ್ನು ನೆನೆದು ಕಣ್ಣೀರಿಡುತ್ತಿದ್ದುದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮುಂದೆ ಅವರು ಖರ್ಚಾದ ಬಿಡಿಗಾಸನ್ನೂ ಬರೆದಿಟ್ಟು, ಮಲಗುವ ಮುನ್ನ ಲೆಕ್ಕ ಸರಿದೂಗಿಸುವ ನಿಯಮವನ್ನು ಇಟ್ಟುಕೊಂಡರು. ಆ ಲೆಕ್ಕವು ಹಣದ್ದಷ್ಟೇ ಆಗಿ ಉಳಿಯಲಿಲ್ಲ. ತಮ್ಮ ಬದುಕಿನ ರೀತಿಯನ್ನೇ ಅದು ಅವರಿಗೆ ತೋರಿಸಿತು. ಖರ್ಚು ತಗ್ಗಿತು, ನಡೆದೇ ಹೋಗುವ ರೂಢಿ ಬಂತು. ಸಸ್ಯಾಹಾರಿಗಳ ಸಂಘದಲ್ಲಿ ಒಡನಾಡಿಗಳೂ ದೊರೆತರು.

ಅದೇ ಕಥೆಗೆ ಇನ್ನೊಂದು ಮುಖವುಂಟು. ಅವರು ಇಂಗ್ಲೆಂಡಿನಲ್ಲಿದ್ದಾಗಲೇ ತಾಯಿ ಪುತಲೀಬಾಯಿ ತೀರಿಕೊಂಡರು. ಪರದೇಶದಲ್ಲಿ ತಮ್ಮನಿಗೆ ಆಘಾತವಾದೀತೆಂದು ಅಣ್ಣ ಆ ಸುದ್ದಿಯನ್ನು ಮುಚ್ಚಿಟ್ಟರು. 1891ರಲ್ಲಿ ಮರಳಿ ಬಂದ ಮೇಲೆಯೇ ಅವರಿಗೆ ಅದು ತಿಳಿಯಿತು. ಪ್ರೀತಿಯಿಂದಲೇ ಮಾಡಿದ ಕಾರ್ಯ, ನಿಜ. ಆದರೆ ಮನೆಯವರು ಮಕ್ಕಳಿಂದ ಮುಚ್ಚಿಟ್ಟರೆ ಮಕ್ಕಳೂ ಮನೆಯವರಿಂದ ಮುಚ್ಚಿಡಲು ಕಲಿಯುತ್ತಾರೆ.

ಇದರ ಪರಿಣಾಮ ಸಣ್ಣದಲ್ಲ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ವ್ಯಾಸಂಗವು ಬಹುಮಟ್ಟಿಗೆ ಒಂದೇ ವರ್ಷದ್ದು, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಹೊಸ ಪಾಠಕ್ರಮ ಒಗ್ಗುವ ಮೊದಲೇ ಡಿಸೆಂಬರ್ ಬರುತ್ತದೆ. ಲಂಡನ್ನಿನಲ್ಲಿ ಆಗ ಸಂಜೆ 4 ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಚಳಿ, ಕತ್ತಲೆ, ಏಕಾಂತ, ಸಾಲದ ಚಿಂತೆ ಎಲ್ಲವೂ ಒಟ್ಟಿಗೆ ಎರಗುವ ಕಾಲವದು. 18 ತುಂಬಿದ ವಿದ್ಯಾರ್ಥಿಯ ಅಂಕ, ಹಾಜರಿ, ಆರೋಗ್ಯದ ವಿವರಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಅವನ ಸಮ್ಮತಿಯಿಲ್ಲದೆ ಪಾಲಕರಿಗೆ ತಿಳಿಸುವುದಿಲ್ಲ. ಆದ್ದರಿಂದ ಕಷ್ಟವನ್ನು ಹೇಳಬೇಕಾದವನು ಅವನೇ. ಹೇಳುವ ಧೈರ್ಯ ಬರುವಂತೆ ಕೇಳಬೇಕಾದವರು ನಾವು.

ಮಾಡಬಹುದಾದುದೇನು? ಮಕ್ಕಳು ಹೊರಡುವಾಗ ಒಂದು ನೋಟುಪುಸ್ತಕವನ್ನು ಕೊಡಿರಿ. ದಿನಕ್ಕೆ ಐದಾರು ಸಾಲು ಸಾಕು: ಇಂದು ಏನಾಯಿತು, ಅದರಿಂದ ಏನು ತಿಳಿಯಿತು, ನಾಳೆ ಏನು ಮಾಡಬೇಕು. ಇಷ್ಟಲಿಂಗ ಪೂಜೆಯ ಅಭ್ಯಾಸವಿರುವವರಿಗೆ ಆ ಶಾಂತ ಗಳಿಗೆಯ ನಂತರ ಬರೆಯುವುದು ಸುಲಭ. ಪುಸ್ತಕ ಅವರದೇ, ನೋಡಬೇಕೆಂಬ ಹಟ ನಮಗೆ ಬೇಡ. ವಾರಕ್ಕೊಮ್ಮೆ ಅದರಿಂದ ತಮಗೆ ಸರಿಕಂಡುದನ್ನು ಕನ್ನಡದಲ್ಲಿ ಮನೆಗೆ ಪತ್ರವಾಗಿ ಬರೆಯಲಿ. ಅಜ್ಜಿಯಾದರೂ ಸರಿ, ಸೋದರಮಾವನಾದರೂ ಸರಿ, ಮನೆಯಿಂದ ಒಬ್ಬರು ತಪ್ಪದೆ ಉತ್ತರ ಬರೆಯಲಿ. ಮಳೆ ಬಾರದಿದ್ದುದನ್ನೂ, ತಂದೆಗೆ ಸಕ್ಕರೆ ಕಾಯಿಲೆ ಹೆಚ್ಚಿದುದನ್ನೂ ಮರೆಮಾಚದಿರಲಿ.

ಮಾತನಾಡುವ ವೇಳೆಯನ್ನೂ ಗೊತ್ತುಪಡಿಸಿಕೊಳ್ಳಬೇಕು. ಚಳಿಗಾಲದಲ್ಲಿ ನಮ್ಮ ಗಡಿಯಾರ ಲಂಡನ್ನಿಗಿಂತ ಐದೂವರೆ ಗಂಟೆ ಮುಂದು, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದು. ಚಳಿಗಾಲದ ರವಿವಾರ ಅಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಇಲ್ಲಿ ಮಧ್ಯಾಹ್ನ ಎರಡೂವರೆ. ಎಲ್ಲರೂ ಊಟ ಮುಗಿಸಿ ಕುಳಿತಿರುವ ಹೊತ್ತು. “ಈ ವಾರ ಯಾವುದು ಕಠಿಣವೆನಿಸಿತು?” ಎಂದು ಕೇಳಿರಿ. ಅನುತ್ತೀರ್ಣನಾದೆನೆಂದು ಮಗ ಹೇಳಿದರೆ ಮೊದಲು ಸಾಲದ ಮಾತೆತ್ತಬೇಡಿರಿ. ಮಗಳ ಮನಸ್ಸು ಕುಗ್ಗಿದ್ದರೆ ವಿಶ್ವವಿದ್ಯಾಲಯದ ಆಪ್ತಸಲಹೆಗಾರರನ್ನು ಕಾಣಲು ಹೇಳಿರಿ; ಅದರಲ್ಲಿ ಮನೆತನದ ಮಾನ ಹೋಗುವುದೇನೂ ಇಲ್ಲ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಅಲ್ಲಿ ಓದುವ ನಮ್ಮ ಮಕ್ಕಳು ರಜೆಯ ದಿನ ನಾಲ್ಕು ಜನ ಕೂಡಿ ಅಲ್ಲಿಗೆ ಹೋಗಿ, ಮನಬಿಚ್ಚಿ ಮಾತನಾಡಲಿ. ಅನುಭವ ಮಂಟಪದಲ್ಲಿ ಶರಣರು ಕಲೆತದ್ದು ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ನಿರ್ಭಯವಾಗಿ ಹೇಳಿಕೊಳ್ಳಲೆಂದೇ ಅಲ್ಲವೇ? ಆ ನಿರ್ಭಯವು ಮೊದಲು ನಮ್ಮ ಮನೆಗಳಲ್ಲಿ ನೆಲೆಸಿದರೆ, ಮಕ್ಕಳು ಎಷ್ಟೇ ದೂರವಿರಲಿ, ಕಷ್ಟ ಬಂದಾಗ ಮೊದಲು ಮನೆಗೇ ಹೇಳುತ್ತಾರೆ.